ಸತ್ತವಳ ನಲವತ್ತೆರಡು ಹೆಜ್ಜೆ

ಗಂಡ: ಸತ್ತವಳಿಗೆ ಚಪ್ಪಲಿ ಯಾಕೆ?

ಹೆಂಡತಿ: ಮಟಮಟ ಮಧ್ಯಾಹ್ನ, ಕಾದ ಟಾರು ರಸ್ತೆ. ಬರಿಗಾಲಲ್ಲಿ ನಡೆಸ್ತೀರಾ ಆ ಮಗೂನ?

ಗಂಡ: ಅದು ಮಗು ಅಲ್ಲ ಕಣೇ, ದೆವ್ವ. ದೆವ್ವಕ್ಕೆ ಕಾಲು ಸುಡಲ್ಲ.

ಹೆಂಡತಿ: ಯಾವ ದೆವ್ವ ಬಂದು ಹೇಳ್ತು ನಿಮ್ಮ ಹತ್ರ?

ಗಂಡ: ಬಂದು ಹೇಳೋದೇನು ಬಂತು. ಸುಡಬೇಕು ಅಂದ್ರೆ ಕಾಲು ಇರಬೇಕು. ಕಾಲಿದ್ರೆ ತೂಕ ಇರಬೇಕು. ತೂಕ ಇದ್ರೆ ತಾನೇ ಹೆಜ್ಜೆ ಸಪ್ಪಳ. ತೂಕ ಇಲ್ಲ, ಸಪ್ಪಳ ಇಲ್ಲ, ಚಪ್ಪಲಿನೂ ಬೇಡ. ಇಡು ಅದನ್ನ ಕೆಳಗೆ.

ಹೆಂಡತಿ: ಇಡಲ್ಲ.

ಇಡಲಿಲ್ಲ. ತೆಳ್ಳನೆಯ ಪಟ್ಟಿಯ ಆ ಚಪ್ಪಲಿ ಜೋಡಿಯನ್ನು ಎದೆಗವಚಿಕೊಂಡು, ಕೋಣೆಯ ನಡುವೆ ಒಂದು ಗಜದಷ್ಟು ಟಾರು ಹಾಸಿದ ಚೌಕದ ಮೇಲೆ ಗಟ್ಟಿಯಾಗಿ ನಿಂತುಬಿಟ್ಟಳು. ಆ ಚೌಕದ ಪಕ್ಕದಲ್ಲಿ ಜಲ್ಲಿಯ ಚೌಕ, ಅದರ ಪಕ್ಕದಲ್ಲಿ ಮರಳು, ಆಚೆಗೆ ಮರದ ಹಲಗೆ, ಮೂಲೆಯಲ್ಲಿ ಒಣಗಿದ ಎಲೆ. ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದಿತ್ತು. ಒಂದು ಬದಿಯಲ್ಲಿ ಕಾರಿಲ್ಲದ ಕಾರಿನ ಬಾಗಿಲೊಂದು ಕಬ್ಬಿಣದ ಸ್ಟ್ಯಾಂಡಿಗೆ ಒರಗಿ, ತನ್ನ ಕಾರು ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎಂಬ ಭರವಸೆಯಲ್ಲಿ ನಿಂತಿತ್ತು.

ಈ ಗಂಡಹೆಂಡಿರು ಇಪ್ಪತ್ತೊಂದು ವರ್ಷದಿಂದ ಸಿನಿಮಾಗಳಿಗೆ ಸದ್ದು ಮಾಡಿಕೊಡುತ್ತ ಬಂದವರು. ತೆರೆಯ ಮೇಲೆ ನಾಯಕಿ ನಡೆದರೆ, ಕಾಣುವ ಕಾಲು ಅವಳದು, ಕೇಳುವ ಹೆಜ್ಜೆ ಇವಳದು. ಕೆಲಸವೂ ಮೊದಲ ದಿನದಿಂದಲೇ ಪಾಲಾಗಿತ್ತು. ಗುಡುಗು, ಕಿರುಗುಟ್ಟುವ ಬಾಗಿಲು, ಮೂಳೆ ಮುರಿತ, ಅಪಘಾತ, ಅಂತೂ ಎದೆ ಝಲ್ಲೆನ್ನಿಸುವುದೆಲ್ಲ ಗಂಡನ ಪಾಲು. ನಿರ್ದೇಶಕರು ಕಳಿಸುವ ಸದ್ದುಗಳ ಪಟ್ಟಿಯಲ್ಲಿ ಅದಕ್ಕೆ ಕೆಂಪು ಪೆನ್ಸಿಲಿನ ಗೆರೆ. ತಗಡಿನ ಹಾಳೆ ಅಲುಗಿಸಿ ಅವನು ಬರಿಸುತ್ತಿದ್ದ ಗುಡುಗಿನ ಖ್ಯಾತಿಯಿಂದಲೇ ಊರು ಅವನನ್ನು ಗುಡುಗಣ್ಣ ಎಂದು ಕರೆಯುತ್ತಿತ್ತು. ಬಟ್ಟೆಯ ಸರಬರ, ಪತ್ರ ಬಿಚ್ಚುವ ಸದ್ದು, ನಾಯಕಿಯ ನಡಿಗೆ, ಮುತ್ತು, ಅಂತೂ ಎದೆ ಕರಗಿಸುವುದೆಲ್ಲ ಹೆಂಡತಿಯ ಪಾಲು. ಅದಕ್ಕೆ ಹಸಿರು ಗೆರೆ. ಮುತ್ತಿಗೆ ಅವಳು ತನ್ನ ಎಡಗೈ ಮಣಿಕಟ್ಟನ್ನೇ ಬಳಸುತ್ತಿದ್ದಳು. ಈ ಇಪ್ಪತ್ತೊಂದು ವರ್ಷದಲ್ಲಿ ಎಷ್ಟೊಂದು ನಾಯಕರು ಎಷ್ಟೊಂದು ನಾಯಕಿಯರಿಗೆ ಕೊಟ್ಟ ಮುತ್ತುಗಳೆಲ್ಲ ಬಿದ್ದದ್ದು ಆ ಒಂದೇ ಮಣಿಕಟ್ಟಿನ ಮೇಲೆ ಎಂಬ ಸತ್ಯ ಯಾವ ಪ್ರೇಕ್ಷಕನಿಗೂ ತಿಳಿಯದು.

ಗೆರೆಗಳು ಎಂದೂ ಜಗಳವಾಡಿರಲಿಲ್ಲ. ಭಯದ ಸಿನಿಮಾ ಬಂದರೆ ಹಾಳೆ ಕೆಂಪಗಿರುತ್ತಿತ್ತು, ಪ್ರೇಮದ ಸಿನಿಮಾ ಬಂದರೆ ಹಸಿರಾಗಿರುತ್ತಿತ್ತು. ಆದರೆ ಈಗ ಬಂದದ್ದು ಎರಡೂ ಆಗಿತ್ತು. ಹುಡುಗನೊಬ್ಬ ಹುಡುಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಸಾವಿರದ ನೂರು ಕಿಲೋಮೀಟರು ಹೋಗುತ್ತಾನೆ. ಮೂರನೆಯ ದೃಶ್ಯದಲ್ಲಿ, ರಸ್ತೆಯ ತಿರುವೊಂದರಲ್ಲಿ, ಹುಡುಗಿ ಬಿದ್ದು ಸಾಯುತ್ತಾಳೆ. ಸತ್ತ ಮೇಲೂ ಓಡಿ ಬಂದು ಮತ್ತೆ ಹಿಂದೆ ಕೂರುತ್ತಾಳೆ. ಹುಡುಗನಿಗೆ ಇದು ಗೊತ್ತಾಗುವುದೇ ಇಲ್ಲ. ಕೊನೆಯ ದೃಶ್ಯದಲ್ಲಿ, ಹಾಡಹಗಲು, ಖಾಲಿ ರಸ್ತೆಯಲ್ಲಿ ಅವಳು ನಲವತ್ತೆರಡು ಹೆಜ್ಜೆ ನಡೆದು ಅವನ ಬಳಿಗೆ ಬರುತ್ತಾಳೆ. ಆಗ ಅವನಿಗೆ ತಿಳಿಯುತ್ತದೆ. ಆ ದೃಶ್ಯದ ಮೇಲೆ ನಿರ್ದೇಶಕ ಕೆಂಪು ಗೆರೆಯನ್ನೂ ಹಸಿರು ಗೆರೆಯನ್ನೂ ಎಳೆದು ಕಳಿಸಿದ್ದ.

ಗಂಡ: ಮೊದಲು ಇದನ್ನ ಹೇಳು. ಹಿಂದೆ ಕೂತವಳು ಬಿದ್ದುಹೋದ್ರೆ ಅವನಿಗೆ ಗೊತ್ತಾಗಲ್ವಾ?

ಹೆಂಡತಿ: ಪ್ರೀತಿ ಕುರುಡು.

ಗಂಡ: ಕುರುಡು ಇರಲಿ. ಬೈಕಿಗೆ ಐವತ್ತು ಕಿಲೋ ಕಮ್ಮಿ ಆಗುತ್ತಲ್ಲ.

ಹೆಂಡತಿ: ನಲವತ್ತೇಳು. ತೆಳ್ಳಗಿದ್ದಾಳೆ.

ಗಂಡ: ನಲವತ್ತೇಳೇ ಇರಲಿ. ತಿರುವಿನಲ್ಲಿ ಬೈಕು ಇನ್ನೊಂಥರ ವಾಲುತ್ತೆ. ಬ್ರೇಕ್ ಹಾಕಿದ್ರೆ ಬೆನ್ನಿಗೆ ಯಾರೂ ತಾಗಲ್ಲ. ಬೆನ್ನಿರೋ ಯಾವನಿಗಾದ್ರೂ ಗೊತ್ತಾಗುತ್ತೆ.

ಹೆಂಡತಿ: ಮೊನ್ನೆ ನೀವು ಸ್ಕೂಟರಲ್ಲಿ ನನ್ನ ತರಕಾರಿ ಅಂಗಡಿ ಮುಂದೆ ಬಿಟ್ಟು ಮನೆವರೆಗೂ ಮಾತಾಡ್ಕೊಂಡು ಹೋದ್ರಲ್ಲ, ಆಗ ನಿಮ್ಮ ಬೆನ್ನು ಎಲ್ಲಿತ್ತು?

ಪ್ರಯೋಗದಿಂದಲೇ ಸುಳ್ಳೆಂದು ಸಾಬೀತಾದ ಸಿದ್ಧಾಂತವನ್ನು ಹಿಡಿದು ಜಗ್ಗುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಗುಡುಗಣ್ಣನಿಗೆ ಗೊತ್ತಿತ್ತು. ಭಾನುವಾರದ ಪತ್ರಿಕೆಯ ವಿಜ್ಞಾನದ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವ ಮನುಷ್ಯ ಅವನು. ಸದ್ದೆಂದರೆ ಗಾಳಿಯ ನಡುಕ, ನಡುಗಿಸಲು ಯಾವುದಾದರೂ ವಸ್ತು ಬೇಕೇ ಬೇಕು, ವಸ್ತುವಿಲ್ಲದ ಸದ್ದಿಲ್ಲ. ಅವನ ವೇದಾಂತವೆಲ್ಲ ಇಷ್ಟೇ. ಆದ್ದರಿಂದ ಅವನು ಬೇರೆ ದಾರಿಯಿಂದ ಬಂದ.

ಗಂಡ: ಅದಿರಲಿ. ಈ ಒಂದು ಸೀನ್ ಮೇಲೆ ನಿನಗ್ಯಾಕೆ ಇಷ್ಟು ಆಸೆ? ಬೆಳಗ್ಗಿಂದ ನೋಡ್ತಿದೀನಿ, ಚಪ್ಪಲಿ ಬಿಟ್ಟೇ ಇಲ್ಲ.

ಹೆಂಡತಿ: ಆ ನಿರ್ದೇಶಕನಿಗೆ ಫೋನ್ ಮಾಡಿದ್ದೆ.

ಗಂಡ: ಯಾಕೆ?

ಹೆಂಡತಿ: ಟೈಟಲ್‌ನಲ್ಲಿ ನನ್ನ ಹೆಸರು ಹಾಕಪ್ಪಾ ಅಂತ.

ಗಂಡ: ಇದೆಯಲ್ಲ. ‘ಗುಡುಗಣ್ಣ ಮತ್ತು ಬಳಗ.’

ಹೆಂಡತಿ: ಬಳಗ ಅಂದ್ರೆ ಯಾರು?

ಗಂಡ: ನೀನು.

ಹೆಂಡತಿ: ಇನ್ನೂ?

ಗಂಡ: ಇನ್ಯಾರೂ ಇಲ್ಲ.

ಹೆಂಡತಿ: ಇಪ್ಪತ್ತೊಂದು ವರ್ಷದಿಂದ ನಾನೊಬ್ಳೇ ಬಳಗ. ನನ್ನ ತಂಗಿ ಕೇಳ್ತಾಳೆ, ‘ಅಕ್ಕ, ಅಷ್ಟೊಂದು ಜನಕ್ಕೆ ದಿನಾ ನೀನೇ ಕಾಫಿ ಮಾಡ್ಬೇಕಾ’ ಅಂತ.

ಗಂಡ: ಅವನೇನಂದ?

ಹೆಂಡತಿ: ಒಂದೇ ಹೆಸರಿಗೆ ಜಾಗ ಇರೋದಂತೆ. ಎರಡು ಹಾಕಿದ್ರೆ ಅಕ್ಷರ ಸಣ್ಣದಾಗುತ್ತಂತೆ. ನಿರ್ಮಾಪಕರ ಅತ್ತೆ ಕನ್ನಡಕ ಹಾಕ್ಕೊಳ್ದೆ ಓದೋ ಹಾಗಿರಬೇಕಂತೆ. ಅದಕ್ಕೆ, ಕೊನೇ ಸೀನಿನ ಸದ್ದು ಯಾರು ಮಾಡ್ತಾರೋ ಅವರ ಹೆಸರು ಅಂದ.

ಗಂಡ: ಮತ್ತೆ ಇನ್ನೊಬ್ಬರು?

ಹೆಂಡತಿ: ಬಳಗ.

ಗುಡುಗಣ್ಣನಿಗೆ ಎದೆಯಲ್ಲಿ ತಗಡಿನ ಹಾಳೆ ಅಲುಗಿದಂತಾಯಿತು. ಮಗನಾಗಿ, ಗಂಡನಾಗಿ, ಒಮ್ಮೆ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾಗಿಯೂ ಬದುಕಿದ್ದ ಅವನು ಎಂದೂ ಯಾರ ಬಳಗವೂ ಆಗಿರಲಿಲ್ಲ.

ಗಂಡ: ಹಾಗಾದ್ರೆ ಸರಿಯಾಗಿ ಕೇಳ್ಕೋ. ಅವಳು ಸತ್ತಿದ್ದಾಳೆ. ಸತ್ತೋರು ಎದ್ದು ನಡೆದು ಬರೋದು ಭಯದ ವಿಷಯ. ಭಯ ಕೆಂಪು. ಕೆಂಪು ನಂದು.

ಹೆಂಡತಿ: ಅವಳು ಯಾರ ಹತ್ರ ನಡೆದು ಬರ್ತಿದ್ದಾಳೆ? ಪ್ರೀತಿಸಿದೋನ ಹತ್ರ. ಸತ್ತ ಮೇಲೂ. ಅದಕ್ಕಿಂತ ಹಸಿರು ಯಾವುದಿದೆ?

ಗಂಡ: ಆ ಹುಡುಗನ ಮುಖ ನೋಡು. ಹೆದರಿ ಬಿಳಿಚಿಕೊಂಡಿದ್ದಾನೆ.

ಹೆಂಡತಿ: ಪ್ರೀತೀಲಿ ಕರಗಿಹೋಗಿದ್ದಾನೆ.

ಇಬ್ಬರೂ ತೆರೆಯ ಹತ್ತಿರ ಬಗ್ಗಿ ನೋಡಿದರು. ಹುಡುಗನ ಮುಖ ನಿಂತುಹೋದ ಚಿತ್ರದಲ್ಲಿ ಅರೆಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿತ್ತು.

ಗಂಡ: ಇವನ ಮುಖ ಎಲ್ಲದಕ್ಕೂ ಹಿಂಗೇ ಇದೆ. ಪೆಟ್ರೋಲ್ ಹಾಕಿಸೋವಾಗಲೂ ಇದೇ ಮುಖ.

ಹೆಂಡತಿ: ದೊಡ್ಡ ನಟನ ಮಗ ಅಂತೆ. ಮುಖ ಅಪ್ಪನ ಹತ್ರ ಇರಬೇಕು.

ಬಾಗಿಲು ತಳ್ಳಿಕೊಂಡು ನಿರ್ದೇಶಕ ಬಂದ. ಇನ್ನೂ ಮೂವತ್ತು ತುಂಬದ, ಕಡ್ಡಿಯಂತಹ, ಕೈಯಲ್ಲಿ ಸದಾ ನೀರಿನ ಬಾಟಲಿ ಹಿಡಿದಿರುವ ಯುವಕ. ಇದು ಅವನ ಮೊದಲ ಸಿನಿಮಾ. ಯಾವ ಪ್ರಶ್ನೆಗೂ ‘ಎರಡೂ’ ಎಂದು ಉತ್ತರಿಸಿಯೇ ಅವನು ನಿರ್ಮಾಪಕರನ್ನು ಒಪ್ಪಿಸಿದ್ದನಂತೆ.

ನಿರ್ದೇಶಕ: ಏನಣ್ಣಾ, ಆಯ್ತಾ? ಅಕ್ಕಾ, ಕೊನೇ ಸೀನ್ ಸಿದ್ಧನಾ?

ಗಂಡ: ಬಾರಪ್ಪಾ, ನೀನೇ ತೀರ್ಪು ಹೇಳು. ಈ ಹುಡುಗಿ ದೆವ್ವಾನಾ, ಪ್ರೇಮಿನಾ?

ನಿರ್ದೇಶಕ: ಎರಡೂ.

ಹೆಂಡತಿ: ನೋಡೋರು ಹೆದರ್ಬೇಕಾ, ಅಳ್ಬೇಕಾ?

ನಿರ್ದೇಶಕ: ಎರಡೂ ಅಕ್ಕಾ.

ಗಂಡ: ಅವಳಿಗೆ ತೂಕ ಇದೆಯಾ, ಇಲ್ವಾ?

ನಿರ್ದೇಶಕ ಎರಡು ಗುಟುಕು ನೀರು ಕುಡಿದ.

ನಿರ್ದೇಶಕ: ಆ ಥರ ಯೋಚನೆ ಮಾಡಿಲ್ಲ ಅಣ್ಣಾ.

ಗಂಡ: ಗೋಡೆ ದಾಟಿ ಹೋಗ್ತಾಳಲ್ಲ, ಲಾಡ್ಜಿನ ಸೀನ್‌ನಲ್ಲಿ. ಗೋಡೆ ದಾಟೋಳು ಬೈಕಿನ ಸೀಟು ದಾಟಿ ಕೆಳಗೆ ಯಾಕೆ ಬೀಳಲ್ಲ?

ನಿರ್ದೇಶಕ: ಬೈಕು ಓಡ್ತಿರುತ್ತಲ್ಲ ಅಣ್ಣಾ.

ಗಂಡ: ಓಡ್ತಿದ್ರೆ?

ನಿರ್ದೇಶಕ: ಬೀಳೋಕೆ ಟೈಮ್ ಸಿಗಲ್ಲ.

ಭೌತಶಾಸ್ತ್ರಕ್ಕೆ ಇಷ್ಟು ದೊಡ್ಡ ಏಟು ಇಷ್ಟು ಸಣ್ಣ ಬಾಯಿಂದ ಬಿದ್ದುದನ್ನು ಗುಡುಗಣ್ಣ ಹಿಂದೆಂದೂ ಕಂಡಿರಲಿಲ್ಲ. ಅವನು ಮಾತು ಬಿಟ್ಟು ಕೆಲಸಕ್ಕಿಳಿದ. ಒದ್ದೆ ಮಾಡಿದ ಹಳೆಯ ಚರ್ಮದ ಚೀಲವೊಂದನ್ನು ಟಾರಿನ ಮೇಲೆ ಇಷ್ಟಿಷ್ಟೇ ಎಳೆದ. ಕೇಳಿದರೆ ಬೆನ್ನುಮೂಳೆಯಲ್ಲಿ ಇರುವೆ ಹತ್ತಬೇಕು, ಹಾಗಿತ್ತು. ನಿರ್ದೇಶಕ ಬಾಟಲಿಯ ಮುಚ್ಚಳ ಕಚ್ಚಿಕೊಂಡ.

ನಿರ್ದೇಶಕ: ಅದ್ಭುತ ಅಣ್ಣಾ. ಆದ್ರೆ ಇವಳನ್ನ ಯಾರು ಮದುವೆ ಆಗ್ತಾರೆ?

ಹೆಂಡತಿ ಚಪ್ಪಲಿ ಮೆಟ್ಟಿ, ತೆರೆಯ ಮೇಲಿನ ಹುಡುಗಿಯ ಕಾಲನ್ನೇ ನೋಡುತ್ತ ನಲವತ್ತೆರಡು ಹೆಜ್ಜೆ ಹಾಕಿದಳು. ನಡೆದದ್ದು ಅದೇ ಒಂದು ಗಜದ ಚೌಕದಲ್ಲಿ, ನಿಂತಲ್ಲಿಯೇ. ಆದರೆ ಕೇಳಿದವರಿಗೆ ಮೊದಲು ಹಿಂಜರಿಕೆ, ಆಮೇಲೆ ಅವಸರ, ಕೊನೆಯ ಮೂರು ಹೆಜ್ಜೆಯಲ್ಲಿ ನಾಚಿಕೆ ಎಲ್ಲ ಕೇಳಿಸಿತು. ನಿರ್ದೇಶಕನ ಕಣ್ಣು ತೇವವಾಯಿತು.

ನಿರ್ದೇಶಕ: ಅಯ್ಯೋ ಅಕ್ಕಾ. ಆದ್ರೆ ಇವಳು ಸತ್ತಿದ್ದಾಳೆ ಅಂತ ಯಾರು ನಂಬ್ತಾರೆ?

ಗಂಡ: ನೋಡಿದ್ಯಾ?

ಹೆಂಡತಿ: ನಿಮ್ಮದನ್ನೂ ಒಪ್ಪಿಲ್ಲ. ಮೀಸೆ ತಿರುವೋದು ಆಮೇಲೆ.

ನಿರ್ದೇಶಕ: ಒಂದು ಕೆಲಸ ಮಾಡೋಣ. ಎಡಗಾಲು ಅಕ್ಕ ಮಾಡ್ಲಿ, ಬಲಗಾಲು ಅಣ್ಣ ಮಾಡ್ಲಿ.

ಮಾಡಿದರು. ಅವಳ ಎಡಗಾಲಿನ ಚಪ್ಪಲಿ ಮೆಲ್ಲನೆ ಊರಿದ ಹಿಂದೆಯೇ ಅವನ ಒದ್ದೆ ಚೀಲ ಎಳೆದುಕೊಂಡು ಬರುತ್ತಿತ್ತು. ಒಂದು ಹೆಜ್ಜೆ ಒಲವು, ಒಂದು ಹೆಜ್ಜೆ ಸಾವು. ಮೂವರೂ ಸ್ಪೀಕರಿಗೆ ಕಿವಿಗೊಟ್ಟು ಕೇಳಿದರು.

ನಿರ್ದೇಶಕ: ಕುಂಟಿದ ಹಾಗಿದೆ.

ಹೆಂಡತಿ: ಬೈಕಿಂದ ಬಿದ್ದಿದ್ದಾಳಲ್ಲ. ಮುರಿದಿರಬಹುದು.

ಗಂಡ: ಮುರಿದಿದ್ದು ಯಾವ ಕಾಲು? ಬಿದ್ದಿದ್ದು ಎಡಕ್ಕೆ. ಕುಂಟೋದು ಬಲಗಾಲು.

ಹೆಂಡತಿ: ತೂಕಾನೇ ಇಲ್ಲ ಅಂದೋರು ಈಗ ಮೂಳೆ ಲೆಕ್ಕ ಕೇಳ್ತಿದೀರಾ?

ನಿರ್ದೇಶಕ: ಸಾಕು. ನನಗೆ ಗೊತ್ತಾಯ್ತು. ಸದ್ದೇ ಬೇಡ. ಪೂರ್ತಿ ನಿಶ್ಶಬ್ದ.

ಇದನ್ನು ಕೇಳಿ ಗಂಡಹೆಂಡಿರಿಬ್ಬರೂ ಆ ಬೆಳಗಿನಲ್ಲಿ ಮೊದಲ ಬಾರಿಗೆ ಒಂದೇ ಕಡೆ ಸೇರಿದರು.

ಗಂಡ: ನಿಶ್ಶಬ್ದ ಅಂದ್ರೆ ಸುಮ್ನೆ ಖಾಲಿ ಬಿಡೋದು ಅಂದ್ಕೊಂಡ್ಯಾ? ಖಾಲಿ ಬಿಟ್ರೆ ಸ್ಪೀಕರ್ ಕೆಟ್ಟಿದೆ ಅಂತ ಥಿಯೇಟರ್‌ನಲ್ಲಿ ಸಿಳ್ಳೆ ಹೊಡೀತಾರೆ. ನಿಶ್ಶಬ್ದಾನೂ ರೆಕಾರ್ಡ್ ಮಾಡ್ಬೇಕು.

ಹೆಂಡತಿ: ಒಂದೊಂದು ಕೋಣೆಗೂ ಒಂದೊಂದು ನಿಶ್ಶಬ್ದ ಇರುತ್ತಪ್ಪಾ. ಅಡುಗೆಮನೇದು ಬೇರೆ, ಆಸ್ಪತ್ರೇದು ಬೇರೆ. ಇವರು ತಪ್ಪು ಮಾಡಿ ಸಿಕ್ಕಿಹಾಕ್ಕೊಂಡಾಗ ಮನೇಲಿ ಇರುತ್ತಲ್ಲ, ಅದು ಬೇರೆನೇ.

ಗಂಡ: ಅದೂ ಅಲ್ದೆ, ಮನುಷ್ಯರಿರೋ ಕೋಣೆ ನಿಶ್ಶಬ್ದ ಬೇರೆ, ಇಲ್ಲದ ಕೋಣೇದು ಬೇರೆ. ಮೈ ಅನ್ನೋದು ಸದ್ದನ್ನ ಹೀರುತ್ತೆ. ಅದಕ್ಕೆ ಸೀನ್‌ನಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಜನ ಮೈಕ್ ಮುಂದೆ ನಿಲ್ಲಬೇಕು.

ನಿರ್ದೇಶಕ: ಸರಿ, ಇಬ್ಬರೂ ನಿಂತ್ಕೊಳ್ಳಿ.

ಗಂಡ: ಇಬ್ಬರು ಹೆಂಗಾಗುತ್ತೆ? ಹುಡುಗಿ ಸತ್ತಿದ್ದಾಳೆ. ಮೈ ಇರೋದು ಒಬ್ಬನಿಗೆ. ನಾನೊಬ್ಬನೇ ನಿಲ್ತೀನಿ.

ಹೆಂಡತಿ: ಆಹಾ. ನಾನು ಆಚೆ ಹೋಗ್ಬೇಕು, ನೀವು ನಿಂತ್ಕೊಂಡು ಹೆಸರು ತಗೋಬೇಕು.

ಗಂಡ: ನಿಶ್ಶಬ್ದ ಅನ್ನೋದು ಭಯದ್ದು ಕಣೇ. ಕೆಂಪು.

ಹೆಂಡತಿ: ಪ್ರೀತಿಸಿದೋರು ಗಂಟೆಗಟ್ಟಲೆ ಮಾತಾಡ್ದೇ ಕೂತಿರ್ತಾರೆ. ಹಸಿರು.

ಗಂಡ: ನಾವು ಯಾವತ್ತು ಮಾತಾಡ್ದೇ ಕೂತಿದ್ವಿ?

ಹೆಂಡತಿ: ಅದನ್ನೇ ನಾನೂ ಹೇಳ್ತಿರೋದು.

ನಿರ್ದೇಶಕ ಇನ್ನೊಂದು ತೀರ್ಪು ಕೊಡುವ ಗೋಜಿಗೆ ಹೋಗದೆ, ಗಾಜಿನ ಆಚೆಗಿನ ಕೋಣೆಗೆ ಹೋಗಿ ಕುಳಿತ. ಯಂತ್ರ ನೋಡಿಕೊಳ್ಳುವವರು ಆ ದಿನ ಮಗಳ ಶಾಲೆಗೆ ಹೋಗಿದ್ದರಿಂದ ಗುಂಡಿ ಒತ್ತುವ ಕೆಲಸವೂ ಅವನದೇ. ಗುಡುಗಣ್ಣ ಫ್ಯಾನು ನಿಲ್ಲಿಸಿದ, ಗಾಳಿಕಿಂಡಿ ಮುಚ್ಚಿದ, ಎರಡು ಪದರದ ಬಾಗಿಲು ಹಾಕಿದ. ಮೈಕನ್ನು ನಡುವೆ ಇಟ್ಟುಕೊಂಡು ಗಂಡಹೆಂಡಿರು ಟಾರಿನ ಚೌಕದ ಎರಡು ಅಂಚಿನಲ್ಲಿ ಎದುರುಬದುರು ನಿಂತರು. ಬೇಕಾಗಿದ್ದದ್ದು ನಲವತ್ತು ಸೆಕೆಂಡು. ಕೆಂಪು ದೀಪ ಹತ್ತಿತು.

ಹೆಂಡತಿ: ಗ್ಯಾಸ್ ಆಫ್ ಮಾಡಿದ್ರಾ?

ದೀಪ ಆರಿತು.

ಗಂಡ: ಮಾಡಿದೀನಿ.

ಹೆಂಡತಿ: ಸರಿ, ಇನ್ನು ಮಾತಾಡಲ್ಲ.

ದೀಪ ಹತ್ತಿತು.

ಗಂಡ: ಶ್.

ಹೆಂಡತಿ: ನಾನೇನೂ ಅಂದಿಲ್ಲ.

ಗಂಡ: ಅನ್ನೋಕೆ ಹೊರಟಿದ್ದೆ. ಮುಖದಲ್ಲೇ ಗೊತ್ತಾಗುತ್ತೆ.

ಹೆಂಡತಿ: ಮುಖದ ಸದ್ದು ಮೈಕಿಗೆ ಬೀಳುತ್ತಾ?

ನಿರ್ದೇಶಕ (ಗಾಜಿನ ಆಚೆಯಿಂದ, ಸ್ಪೀಕರಿನಲ್ಲಿ): ಅಣ್ಣಾ, ಅಕ್ಕಾ, ನಲವತ್ತು ಸೆಕೆಂಡು ಅಷ್ಟೇ. ಕೈ ಮುಗೀತೀನಿ.

ಮೂರನೆಯ ಸಲ ಅವಳ ಮೊಣಕಾಲು ಲಟಕ್ಕೆಂದಿತು. ನಾಲ್ಕನೆಯ ಸಲ ಅವನ ಹೊಟ್ಟೆ ತನ್ನ ಅಭಿಪ್ರಾಯವನ್ನು ತಿಳಿಸಿತು. ಐದನೆಯ ಸಲ ಇಪ್ಪತ್ತೆಂಟು ಸೆಕೆಂಡು ದಾಟಿದ ಸಂತೋಷಕ್ಕೆ ಸ್ವತಃ ನಿರ್ದೇಶಕನೇ ಗುಂಡಿ ಒತ್ತಿ ‘ಚೆನ್ನಾಗಿ ಬರ್ತಿದೆ’ ಎಂದು ಹೇಳಿ ಕೆಡಿಸಿದ.

ಆರನೆಯ ಸಲ ದೀಪ ಹತ್ತಿದಾಗ ಯಾರೂ ಏನೂ ಅನ್ನಲಿಲ್ಲ.

ಹೆಂಡತಿಯನ್ನು ಹೀಗೆ, ಅವಳು ಮಾತಾಡದೆ ಇರುವಾಗ, ತಾನೂ ಉತ್ತರ ಹುಡುಕದೆ ಇರುವಾಗ, ನೆಟ್ಟ ನೋಟದಿಂದ ನೋಡಿ ಎಷ್ಟು ವರ್ಷವಾಯಿತೆಂದು ಗುಡುಗಣ್ಣನಿಗೆ ಲೆಕ್ಕ ಸಿಗಲಿಲ್ಲ. ಕಿವಿಯ ಬಳಿ ನಾಲ್ಕೈದು ಕೂದಲು ಬೆಳ್ಳಗಾಗಿದ್ದವು. ಕಾಲಿನಲ್ಲಿ ಆ ಹುಡುಗಿಯ ಚಪ್ಪಲಿ ಇನ್ನೂ ಇತ್ತು. ಅವಳು ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಮಿಟುಕಿಸದೆ. ಅವನ ಕುತ್ತಿಗೆಯ ಹಿಂದೆ ಏನೋ ತಣ್ಣಗೆ ಸುಳಿಯಿತು. ಇದು ಭಯವೋ ಮತ್ತೊಂದೋ ಎಂದು ತನ್ನನ್ನೇ ಕೇಳಿಕೊಂಡ. ಯಾವ ಬಣ್ಣದ ಪೆನ್ಸಿಲೂ ಒಪ್ಪಲಿಲ್ಲ. ಗಾಳಿ ಇರಬೇಕು ಎಂದು ತೀರ್ಮಾನಿಸಿದ. ಗಾಳಿಕಿಂಡಿ ಮುಚ್ಚಿದವನು ತಾನೇ ಎಂಬುದು ಆಮೇಲೆ ನೆನಪಾಯಿತು.

ದೀಪ ಆರಿತು. ನಿರ್ದೇಶಕ ಬಾಗಿಲು ಬಡಿದುಕೊಂಡು ಓಡಿ ಬಂದ. ಅವನ ಕೈಯಲ್ಲಿ ಬಾಟಲಿ ಇರಲಿಲ್ಲ.

ನಿರ್ದೇಶಕ: ಕೇಳಿ. ಮೊದಲು ಕೇಳಿ.

ಹೋಗಿ ಕೇಳಿದರು. ಮೊದಲು ಬರಿಯ ನಿಶ್ಶಬ್ದ. ಕಂಬಳಿ ಹೊದ್ದ, ಒಳ್ಳೆಯ ಜಾತಿಯ ನಿಶ್ಶಬ್ದ. ತೆರೆಯ ಮೇಲೆ ಹುಡುಗಿ ನಡೆದು ಬರುತ್ತಿದ್ದಳು. ಹತ್ತೊಂಬತ್ತನೆಯ ಸೆಕೆಂಡಿನಲ್ಲಿ ಒಂದು ಉಸಿರು ಕೇಳಿಸಿತು. ಮೆಲ್ಲನೆ ಒಳಗೆ ಹೋಯಿತು, ತುಸು ತಡೆಯಿತು, ಹೊರಗೆ ಬಂತು. ಆಮೇಲೆ ಇನ್ನೊಂದು, ಇನ್ನಷ್ಟು ಹತ್ತಿರದಲ್ಲಿ. ಹುಡುಗಿ ಹುಡುಗನನ್ನು ಮುಟ್ಟುವ ಹೊತ್ತಿಗೆ ಅದು ಕೇಳುವವರ ಕಿವಿಯ ಪಕ್ಕದಲ್ಲೇ ಇತ್ತು. ಪೆಟ್ರೋಲ್ ಹಾಕಿಸುವ ಅದೇ ಮುಖದಲ್ಲಿ ಈಗ ಹೆದರಿಕೆಯೂ ಕಂಡಿತು, ಪ್ರೀತಿಯೂ ಕಂಡಿತು.

ನಿರ್ದೇಶಕ: ಇದೇ ನನ್ನ ಸಿನಿಮಾ. ಮೂರು ವರ್ಷದಿಂದ ತಲೇಲಿ ಇದ್ದಿದ್ದು ಇದೇ. ಯಾರದ್ದು ಆ ಉಸಿರು? ಯಾರದ್ದೋ ಅವರ ಹೆಸರು ಟೈಟಲ್‌ಗೆ. ಮುಗೀತು.

ಗಂಡಹೆಂಡಿರಿಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಕಾರಣವಿತ್ತು. ಸದ್ದು ಮಾಡುವ ಕಸುಬಿನಲ್ಲಿ ಗಾಜು ತಪ್ಪಿ ಒಡೆದರೆ ಕ್ಷಮೆಯುಂಟು, ಮೈಕು ಬೀಳಿಸಿದರೂ ಕ್ಷಮೆಯುಂಟು. ಕೆಲಸದವನ ಉಸಿರು ರೆಕಾರ್ಡಿನಲ್ಲಿ ಕೇಳಿದರೆ ಇಲ್ಲ. ಅದು ಅಡುಗೆಯವನು ಬಡಿಸಿದ ತಟ್ಟೆಯಲ್ಲಿ ಅವನದೇ ಕೂದಲು ಸಿಕ್ಕಿದ ಹಾಗೆ. ದೀಪ ಹತ್ತಿದೊಡನೆ ಉಸಿರು ಕಟ್ಟಿಕೊಳ್ಳುವುದೇ ಮೊದಲ ಪಾಠ.

ಗಂಡ: ನನ್ನದಲ್ಲ.

ಹೆಂಡತಿ: ನನ್ನದೂ ಅಲ್ಲ.

ಗಂಡ: ಇಪ್ಪತ್ತೊಂದು ವರ್ಷದಲ್ಲಿ ನನ್ನ ಒಂದು ಉಸಿರು ಮೈಕಿಗೆ ಬಿದ್ದಿಲ್ಲ. ಅವಳದೇ ಇರ್ಬೇಕು. ಅವಳ ಹೆಸರೇ ಹಾಕ್ಕೊಳ್ಳಪ್ಪಾ.

ಹೆಂಡತಿ: ಬೇಡ ಬೇಡ, ಅವರದ್ದೇ. ದೊಡ್ಡವರು, ಮೂರು ಮಹಡಿ ಹತ್ತಿದ್ರೆ ಏದುಸಿರು ಬರುತ್ತೆ. ಅವರ ಹೆಸರೇ ದಪ್ಪಕ್ಷರದಲ್ಲಿ ಹಾಕಿ.

ಗಂಡ: ಲೇ, ಬೆಳಗ್ಗಿಂದ ಹೆಸರು ಹೆಸರು ಅಂತ ಪ್ರಾಣ ತಿಂದೆಯಲ್ಲ, ತಗೋ.

ಹೆಂಡತಿ: ನನ್ನಿಂದ ಕಸಿದುಕೊಳ್ಳೋಕೆ ಅಷ್ಟು ಒದ್ದಾಡಿದ್ರಲ್ಲ, ನೀವೇ ಇಟ್ಕೊಳ್ಳಿ.

ನಿರ್ದೇಶಕ: ಇದೇನ್ರೀ ಇದು, ಬಿಟ್ಟಿ ಕೊಟ್ರೂ ಬೇಡ ಅಂತೀರಿ? ಇಬ್ಬರಲ್ಲಿ ಒಬ್ಬರದ್ದು ಅಲ್ವಾ? ನಾಲ್ಕು ಗಂಟೆಗೆ ಟೈಟಲ್ ಬರೆಯೋರಿಗೆ ಕಳಿಸ್ಬೇಕು. ಯಾರೂ ಒಪ್ಪದಿದ್ರೆ ಆ ಜಾಗಕ್ಕೆ ನಿರ್ಮಾಪಕರ ಅತ್ತೇ ಹೆಸರೇ ಹಾಕ್ತೀನಿ, ಅವರಾದ್ರೂ ಖುಷಿಯಾಗಿ ಓದ್ಕೊಳ್ತಾರೆ.

ಗುಡುಗಣ್ಣ ಈ ನಡುವೆ ತನಿಖೆಗಿಳಿದಿದ್ದ. ಗಾಳಿಕಿಂಡಿ ಮುಚ್ಚಿಯೇ ಇತ್ತು. ಫ್ಯಾನು ನಿಂತಿತ್ತು. ಗಾಜಿನ ಆಚೆಯ ಮೈಕಿನ ಗುಂಡಿ ಒತ್ತದೆ ಮೇಲೆಯೇ ಇತ್ತು, ಅಂದರೆ ಉಸಿರು ನಿರ್ದೇಶಕನದಲ್ಲ. ಅವನು ಹೆಡ್‌ಫೋನನ್ನು ಕಿವಿಗೆ ಹಚ್ಚಿಕೊಂಡು ಆ ತುಣುಕನ್ನು ಮತ್ತೊಮ್ಮೆ ಕೇಳಿದ. ತನ್ನದಲ್ಲ; ತಾನು ನಲವತ್ತು ಸೆಕೆಂಡೂ ಉಸಿರು ಕಟ್ಟಿದ್ದು ಎದೆಯಲ್ಲಿ ಇನ್ನೂ ನೋಯುತ್ತಿತ್ತು. ಅವಳದು? ಅವಳ ಉಸಿರಿನ ತುದಿಯಲ್ಲಿ ಎಡಮೂಗಿನ ಸಣ್ಣದೊಂದು ಸಿಳ್ಳೆ ಇರುತ್ತದೆ. ಇಪ್ಪತ್ತೊಂದು ವರ್ಷ ಒಂದೇ ಮಂಚದಲ್ಲಿ ಮಲಗಿ ಕೇಳಿದ ಸಿಳ್ಳೆ ಅದು; ಕಿವಿಯೇ ಬದುಕಾದವನು ಅದರಲ್ಲಿ ತಪ್ಪಲಾರ. ಈ ಉಸಿರಿನಲ್ಲಿ ಸಿಳ್ಳೆ ಇರಲಿಲ್ಲ.

ಅವನು ಕಿವಿಯಿಂದ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲೆ ಇಟ್ಟ. ತಲೆ ಎತ್ತಿದಾಗ ಹೆಂಡತಿ ಎದ್ದು ನಿಂತಿದ್ದಳು.

ಹೆಂಡತಿ: ನನ್ನದೇ.

ನಿರ್ದೇಶಕ: ಏನು?

ಹೆಂಡತಿ: ಉಸಿರು. ನನ್ನದೇ. ತಪ್ಪಾಯ್ತು. ಹೆಸರು ಹಾಕ್ಕೊಳ್ಳಿ.

ನಿರ್ದೇಶಕ: ಖಂಡಿತಾನಾ? ಅಣ್ಣಾ, ನಿಮಗೆ ಕಿವಿ ಇದೆ. ಅಕ್ಕನದ್ದೇ ತಾನೇ?

ಅವಳು ಗಂಡನ ಕಡೆ ನೋಡಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿದ್ದಳು, ಸರಿಯಾಗಿದ್ದ ಪಟ್ಟಿಯನ್ನೇ. ಗುಡುಗಣ್ಣನ ಬಾಯಿಯೊಳಗೆ ಸತ್ಯ ಸಿದ್ಧವಾಗಿ ಕುಳಿತಿತ್ತು. ವಸ್ತುವಿಲ್ಲದ ಸದ್ದಿಲ್ಲ, ಈ ಸದ್ದಿಗೆ ವಸ್ತು ಸಿಕ್ಕಿಲ್ಲ, ಸಿಗುವವರೆಗೆ ಯಾವ ಹೆಸರನ್ನೂ ಬರೆಯಕೂಡದು. ಹಾಗೆಂದರೆ ಮುಗಿಯಿತು. ನಾಲ್ಕು ಗಂಟೆಗೆ ನಿರ್ಮಾಪಕರ ಅತ್ತೆ ಗೆಲ್ಲುತ್ತಾರೆ.

ಗಂಡ: ಅವಳದ್ದೇ. ನನಗೆ ಗೊತ್ತಿಲ್ವಾ.

ನಿರ್ದೇಶಕ ಹಿಗ್ಗಿ, ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಮೇಲೆ ಇಟ್ಟು, ನಿಂತುಬಿಟ್ಟ.

ನಿರ್ದೇಶಕ: ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಹೆಸರೇನು?

ಅವಳು ಪೆನ್ನು ತೆಗೆದುಕೊಂಡು, ಕನ್ನಡಕವಿಲ್ಲದೆ ಯಾರು ಬೇಕಾದರೂ ಓದಬಹುದಾದ ದಪ್ಪ ಅಕ್ಷರದಲ್ಲಿ, ತಂದೆಯ ಹೆಸರಿನ ಮೊದಲಕ್ಷರವನ್ನೂ ಸೇರಿಸಿ ಬರೆದುಕೊಟ್ಟಳು. ಬರೆದ ಮೇಲೆ ಒಂದು ಸಲ ಓದಿದಳು. ನಿರ್ದೇಶಕ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದ.

ಗಂಡಹೆಂಡಿರು ಕೋಣೆಗೆ ಮರಳಿದರು. ಅವಳು ಚಪ್ಪಲಿ ಕಳಚಿ ಗೂಡಿನಲ್ಲಿ ಅದರ ಜಾಗಕ್ಕೆ ಸೇರಿಸಿದಳು. ಅವನು ಒದ್ದೆ ಚೀಲವನ್ನು ಒಣಗಲು ಹರವಿದ.

ಗಂಡ: ಅದು ನಿನ್ನ ಉಸಿರಲ್ಲ.

ಹೆಂಡತಿ: ಗೊತ್ತು.

ಗಂಡ: ನನ್ನದೂ ಅಲ್ಲ.

ಹೆಂಡತಿ: ಅದೂ ಗೊತ್ತು. ನೀವು ಉಸಿರು ಕಟ್ಟಿ ಬದನೇಕಾಯಿ ಥರ ಆಗಿದ್ರಿ.

ಗಂಡ: ಮತ್ತೆ ಈ ಕೋಣೇಲಿ ಇನ್ಯಾರಿದ್ರು?

ಹೆಂಡತಿ ನೆಲದ ಮೇಲಿನ ಟಾರಿನ ಚೌಕವನ್ನು ಪೊರಕೆಯಿಂದ ಒಂದು ಸುತ್ತು ಗುಡಿಸಿ, ಪೊರಕೆಯನ್ನು ಮೂಲೆಗಿಟ್ಟು, ದೀಪ ಆರಿಸಲು ಕೈ ಚಾಚಿದಳು.

ಹೆಂಡತಿ: ಯಾರಾದ್ರೂ ಇರ್ಲಿ ಬಿಡ್ರೀ. ಹೆಸರು ಬೇಕು ಅಂದ್ರೆ ಬಾಯಿಬಿಟ್ಟು ಕೇಳ್ಲಿ. ನಾನು ಕೇಳೋಕೆ ಇಪ್ಪತ್ತೊಂದು ವರ್ಷ ತಗೊಂಡೆ. ಸತ್ತೋರಿಗೇನು, ಟೈಮ್‌ಗೆ ಕೊರತೆನಾ?